ಹೆಸರು ಹೇಳದ ಹದಿನೈದು ನಿಮಿಷ

ನನ್ನ ಗಂಡ ತೀರಿಕೊಂಡ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ನಾನು ಬೇಳೆಗೆ ಕುಕ್ಕರ್ ಇಟ್ಟು ಸೀಟಿ ಎಣಿಸುತ್ತ ನಿಂತಿದ್ದೆ. ಎರಡನೆಯ ಸೀಟಿಗೆ ಫೋನು ಬಂತು. ಬೇ ಏರಿಯಾದ ನೆವಾರ್ಕ್‌ನಲ್ಲಿದ್ದ ಅವರ ಆಫೀಸಿನಿಂದ ಯಾರೋ ಮಾತಾಡಿದರು. ಆ ಮನುಷ್ಯನ ಇಂಗ್ಲಿಷು ಓಡುತ್ತಿತ್ತು, ನನ್ನದು ಇನ್ನೂ ಅಂಬೆಗಾಲಿಡುತ್ತಿತ್ತು. ಹಾರ್ಟು, ಆಂಬುಲೆನ್ಸು, ಹಾಸ್ಪಿಟಲು, ಇಷ್ಟು ಅರ್ಥವಾಯಿತು. ಯಾವ ಆಸ್ಪತ್ರೆ ಎಂದು ಕೇಳುವಷ್ಟರಲ್ಲಿ ಅವನು ಫೋನು ಇಟ್ಟಾಗಿತ್ತು.

ಆಸುಪಾಸಿನಲ್ಲಿ ದೊಡ್ಡ ಆಸ್ಪತ್ರೆಗಳು ಎರಡಿದ್ದವು. ಫೋನ್ ಪುಸ್ತಕ ತೆಗೆದು ಮೊದಲನೆಯದಕ್ಕೆ ಮಾಡಿದೆ. ಒಬ್ಬ ಹೆಂಗಸು ಎತ್ತಿಕೊಂಡು ಪೇಷಂಟಿನ ಹೆಸರೇನು ಎಂದು ಕೇಳಿದಳು. ನನ್ನ ಗಂಡ ಎಂದೆ. ಸರಿ, ಹೆಸರು ಹೇಳಿ ಎಂದಳು. ನಾನು ಸುಮ್ಮನೆ ನಿಂತೆ.

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಾರೆ. ಮದುವೆಯ ದಿನ ಹೊಸ್ತಿಲಲ್ಲಿ ಅಡ್ಡಗಟ್ಟಿ ಒಡಪು ಹೇಳಿಸುತ್ತಾರೆ, ಪ್ರಾಸದ ಎರಡು ಸಾಲಿನ ನಡುವೆ ಗಂಡನ ಹೆಸರು ಸೇರಿಸಿ ಹೇಳಿದರೆ ಮಾತ್ರ ಒಳಗೆ ಬಿಡುತ್ತಾರೆ. ನಾನು ಹೇಳಿದ್ದು ಆಗ ಒಂದೇ ಸಲ. ಆಮೇಲೆಲ್ಲ ‘ಇವರು’, ‘ರೀ’, ‘ಕೇಳಿದಿರೇನು’. ಹುಬ್ಬಳ್ಳಿಯಲ್ಲಿ ಬಿ.ಎಸ್‌ಸಿ. ಮುಗಿಸಿದವಳು ನಾನು. ಇದನ್ನೆಲ್ಲ ನಂಬುತ್ತೀಯಾ ಎಂದು ಹಿಂದಿನ ದಿನ ಯಾರಾದರೂ ಕೇಳಿದ್ದರೆ ನಕ್ಕುಬಿಡುತ್ತಿದ್ದೆ. ಆದರೆ ಅವರು ಎಲ್ಲೋ ಆಸ್ಪತ್ರೆಯಲ್ಲಿ ಮಲಗಿರುವಾಗ, ಇವತ್ತೇ, ಈ ಗಳಿಗೆಯಲ್ಲೇ ನಾನು ಹೇಳಿಬಿಟ್ಟರೆ ಏನಾದೀತೋ ಎಂದು ನಾಲಿಗೆ ಅಂಟಿಕೊಂಡಿತು.

ಅತ್ತೆ ಪಕ್ಕದಲ್ಲೇ ನಿಂತಿದ್ದರು. ಮಗನ ಮನೆ ನೋಡಿಕೊಂಡು ಹೋಗಲು ಧಾರವಾಡದಿಂದ ಬಂದು ಎರಡು ತಿಂಗಳಾಗಿತ್ತು. ಇಂಗ್ಲಿಷು ಬಾರದಿದ್ದರೂ ನನ್ನ ಮುಖ ನೋಡಿ ಅವರಿಗೆ ತಿಳಿಯಿತು.

“ಹೆಸರ ಕೇಳಾಕತ್ತಾರೇನು? ಹೇಳವಾ. ಈಗೇನ ಶಾಸ್ತ್ರ ನೋಡತಿ? ನಾ ಹೇಳತೀನಿ ನಿನಗ, ಹೇಳು!”

ಈ ಮಾತನ್ನು ನಾನು ಇಲ್ಲಿ ಮೊದಲೇ ಬರೆದುಬಿಡುತ್ತೇನೆ. ಹೇಳು ಎಂದು ಅವರು ಎರಡು ಸಲ ಅಂದರು. ನಾನು ಹೇಳಲಿಲ್ಲ. ಫೋನು ಇಟ್ಟೆ, ಮತ್ತೆ ಮಾಡಿದೆ, ಮತ್ತೆ ಇಟ್ಟೆ. ಕೊನೆಗೆ ಕರೆಂಟು ಬಿಲ್ಲಿನ ಲಕೋಟೆಯ ಹಿಂದೆ ಹೆಸರು ಬರೆದುಕೊಂಡು ಪಕ್ಕದ ಮನೆಯ ಬಾಗಿಲು ಬಡಿದೆ. ಅಡ್ಡಹೆಸರಾದರೂ ಹೇಳಬಹುದಿತ್ತು, ಅಕ್ಷರ ಬಿಡಿಸಿಯಾದರೂ ಹೇಳಬಹುದಿತ್ತು, ಫೋನನ್ನು ಅತ್ತೆಯ ಕೈಗಾದರೂ ಕೊಡಬಹುದಿತ್ತು. ಅದೆಲ್ಲ ಹೊಳೆದದ್ದು ಎರಡು ತಿಂಗಳ ಮೇಲೆ, ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ.

ಪಕ್ಕದ ಮನೆಯಲ್ಲಿ ಒಬ್ಬಳೇ ಬಿಳಿಯ ಮುದುಕಿ ಇದ್ದಳು, ಎಪ್ಪತ್ತರ ಹತ್ತಿರದವಳು. ಅಲ್ಲಿಯವರೆಗೆ ನಮ್ಮ ನಡುವೆ ‘ಹಲೋ’ ಬಿಟ್ಟು ಬೇರೆ ಮಾತಿರಲಿಲ್ಲ. ಲಕೋಟೆ ನೋಡಿದಳು, ನನ್ನನ್ನು ನೋಡಿದಳು. ನೀನೇ ಯಾಕೆ ಹೇಳಬಾರದು ಎಂದು ಕೇಳಿದಳು. ನಾವು ಹೇಳುವುದಿಲ್ಲ ಎಂದೆ. ಅವಳು ಇನ್ನೊಂದು ಪ್ರಶ್ನೆ ಕೇಳದೆ ಫೋನು ತಿರುಗಿಸಿ, ಆ ಹೆಸರನ್ನು ತನಗೆ ಬಂದಂತೆ ತಿರುಚಿ ಹೇಳಿದಳು. ಎರಡನೆಯ ಆಸ್ಪತ್ರೆಯಲ್ಲಿದ್ದರು. ತನ್ನ ಹಡಗಿನಂಥ ಹಳೆಯ ಕಾರಿನಲ್ಲಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಜೋರಾಗಿ ಓಡಿಸಿದಳು. ಆ ವಯಸ್ಸಿನವರು ಹಾಗೆ ಕಾರು ಓಡಿಸಿದ್ದನ್ನು ನಾನು ನೋಡಿರಲಿಲ್ಲ, ಆದರೆ ಅವತ್ತು ಅದು ಮನಸ್ಸಿಗೆ ಬರಲಿಲ್ಲ.

ನಾವು ಹೋಗುವ ಹತ್ತು ನಿಮಿಷ ಮೊದಲು ಮುಗಿದಿತ್ತು. ನರ್ಸು ನನ್ನ ಭುಜ ಹಿಡಿದು, ಕೊನೆಯವರೆಗೂ ಎಚ್ಚರ ಇತ್ತು, ನಿನ್ನನ್ನೇ ಕೇಳುತ್ತಿದ್ದರು ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಮೊದಲ ಫೋನಿನಿಂದ ಪಕ್ಕದ ಮನೆಯ ಬಾಗಿಲಿನವರೆಗೆ ಹದಿನೈದು ನಿಮಿಷ.

ಆಮೇಲೆ ನನಗೆ ಏನೂ ಅನ್ನಿಸುವುದು ನಿಂತುಹೋಯಿತು. ಅಳು ಬರಲಿಲ್ಲ, ಹಸಿವೂ ಆಗಲಿಲ್ಲ. ತಣ್ಣೀರಿಗೆ ಕೈ ಇಟ್ಟರೂ ಬಿಸಿನೀರಿಗೆ ಇಟ್ಟರೂ ಒಂದೇ. ಬ್ಯಾಂಕಿನವರು, ಇನ್ಶೂರೆನ್ಸಿನವರು, ಸರ್ಕಾರಿ ಆಫೀಸಿನವರು, ಎಲ್ಲರೂ ಗಂಡನ ಹೆಸರು ಕೇಳಿದರು. ಎಲ್ಲರಿಗೂ ಗಟ್ಟಿಯಾಗಿ, ಸ್ಪಷ್ಟವಾಗಿ ಹೇಳಿದೆ. ಒಂದೇ ದಿನ ಹನ್ನೊಂದು ಸಲ ಹೇಳಿದ್ದೂ ಉಂಟು. ಈಗ ಹೇಳಿದರೆ ಯಾರ ಆಯುಷ್ಯ ಕಡಿಮೆಯಾಗಬೇಕು?

ಹದಿನಾಲ್ಕನೆಯ ದಿನ ಊರೂರಿನ ಕನ್ನಡದ ಮನೆಗಳಿಂದ ಹೆಂಗಸರು ಮಾತಾಡಿಸಲು ಬಂದರು. ಫ್ರೀಮಾಂಟ್, ಕ್ಯಾಂಪ್‌ಬೆಲ್, ಸನ್ನಿವೇಲ್. ಆಗ ಬೇ ಏರಿಯಾದಲ್ಲಿ ನಮ್ಮವರು ಬೆರಳೆಣಿಕೆಯಷ್ಟೇ, ಒಂದು ಮನೆಯಲ್ಲಿ ಹಾಲು ಉಕ್ಕಿದರೆ ಸಂಜೆಯೊಳಗೆ ಎಲ್ಲ ಮನೆಗೂ ಗೊತ್ತಾಗುತ್ತಿತ್ತು. ಕ್ಯಾಂಪ್‌ಬೆಲ್‌ನ ಡಾಕ್ಟರರ ಹೆಂಡತಿ ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದರು.

“ಲೇಟಾಗಿ ರೀಚ್ ಆದ್ರಂತೆ. ಹಾಸ್ಪಿಟಲ್‌ನೋರು ಫೋನಲ್ಲೇ ಇನ್ಫರ್ಮೇಶನ್ ಕೊಡ್ಲಿಲ್ವಾ?”

“ಹೆಸರು ಕೇಳಿದರು,” ಎಂದೆ. “ಅತ್ತೆ ಪಕ್ಕದಲ್ಲೇ ನಿಂತಿದ್ದರು. ಹೇಗೆ ಹೇಳಲಿ?”

ಅಷ್ಟೇ ಹೇಳಿದ್ದು. ಸುಳ್ಳು ಒಂದಕ್ಷರವೂ ಇರಲಿಲ್ಲ ಅದರಲ್ಲಿ. ಅತ್ತೆ ಪಕ್ಕದಲ್ಲಿ ನಿಂತಿದ್ದು ನಿಜ. ಅವರು ಏನು ಹೇಳುತ್ತ ನಿಂತಿದ್ದರು ಎಂಬುದನ್ನು ಬಿಟ್ಟುಬಿಟ್ಟೆ. ಸುಸ್ತಾಗಿತ್ತು, ಆ ಹೆಂಗಸು ನನ್ನ ಕೈ ಬಿಟ್ಟರೆ ಸಾಕಾಗಿತ್ತು. ಅವರು ನನ್ನ ಕೈ ಬಿಟ್ಟು ಅತ್ತೆಯ ಕಡೆ ನೋಡಿದರು.

ಒಂದು ವಾರದಲ್ಲಿ ಮಾತು ಎಲ್ಲ ಕಡೆ ಸುತ್ತಿ ಬಂತು. ಮಡಿ ಮೈಲಿಗೆಯ ಮುದುಕಿಯಂತೆ, ಸೊಸೆ ಬಾಯಿ ಬಿಡದ ಹಾಗೆ ನೋಡಿಕೊಂಡಳಂತೆ, ಸ್ವಂತ ಮಗನ ಕೊನೆಯ ಮುಖವನ್ನೂ ನೋಡದ ಹಾಗೆ ಮಾಡಿಕೊಂಡಳಂತೆ. ಯುಗಾದಿಗೆ ಯಾರದೋ ಮನೆಯಲ್ಲಿ ಊಟಕ್ಕೆ ಹೋದಾಗ ಅತ್ತೆಯ ಎಡಬಲಕ್ಕೆ ಎರಡು ಕುರ್ಚಿ ಖಾಲಿ ಉಳಿದವು. ಅತ್ತೆ ತಮ್ಮ ತಟ್ಟೆ ತಾವೇ ಬಡಿಸಿಕೊಂಡರು. ಒಬ್ಬಳು ಚಿಕ್ಕ ವಯಸ್ಸಿನವಳು ಎದುರಿಗೇ ನಿಂತು, “ಕಾಲ ಚೇಂಜ್ ಆಗಿದೆ ಅಮ್ಮಾ, ಈಗ್ಲೂ ಹಾಗೆಲ್ಲ ಇರಬಾರದು,” ಎಂದಳು. ಅತ್ತೆ “ಹೌದವಾ” ಎಂದರು. ನನ್ನ ಕಡೆ ನೋಡಲೂ ಇಲ್ಲ. ಮನೆಗೆ ಬಂದ ಮೇಲೂ ಒಂದು ಮಾತು ಕೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳಬೇಕು ಎನ್ನುವುದು ತಲೆಗೆ ಗೊತ್ತಿತ್ತು, ಆದರೆ ಒಳಗಿನಿಂದ ಏನೂ ತಳ್ಳುತ್ತಿರಲಿಲ್ಲ. ದಿನ ಕಳೆದಷ್ಟೂ ಸುಲಭವಾಗುತ್ತ ಹೋಯಿತು, ಅದೇ ನಾಚಿಕೆಗೇಡು.

ಹೇವರ್ಡ್‌ನ ಒಂದು ಗೋದಾಮಿನಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸ ಸಿಕ್ಕಿತು. ಎಂಟು ಗಂಟೆ ಚೀಟಿ ಅಂಟಿಸಿ ಬರುತ್ತಿದ್ದೆ. ಬರುವಷ್ಟರಲ್ಲಿ ಪಕ್ಕದ ಮನೆಯ ಮುದುಕಿ ನಮ್ಮ ಸೋಫಾದ ಮೇಲೆ ಅತ್ತೆಯ ಜೊತೆ ಕೂತಿರುತ್ತಿದ್ದಳು. ಇವರಿಗೆ ಅವಳ ಭಾಷೆ ಬಾರದು, ಅವಳಿಗೆ ಇವರದು. ಅತ್ತೆ ಅವಳನ್ನು ‘ಅಕ್ಕ’ ಎನ್ನುತ್ತಿದ್ದರು. ಇಲ್ಲಿನ ಸಿರಿಯಲ್ ಡಬ್ಬಿಯ ಮಂಡಕ್ಕಿಗೆ ಒಗ್ಗರಣೆ ಹಾಕಿ ಸೂಸಲ ಮಾಡಿಕೊಡುತ್ತಿದ್ದರು. ಅವಳು ಮೂಗು ಒರೆಸಿಕೊಳ್ಳುತ್ತ ಅಷ್ಟೂ ತಿನ್ನುತ್ತಿದ್ದಳು. ಆ ದಿನಗಳಲ್ಲಿ ಅತ್ತೆಯ ಪಕ್ಕದಲ್ಲಿ ಕೂರುತ್ತಿದ್ದವಳು ಅವಳೊಬ್ಬಳೇ.

ಒಂದು ದಿನ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಲಾಂಡ್ರಿ ರೂಮಿನಲ್ಲಿ ಮುದುಕಿ ಟವೆಲ್ ಮಡಚುತ್ತ, ಹವಾಮಾನದ ಸುದ್ದಿ ಹೇಳುವ ಧಾಟಿಯಲ್ಲಿ ಹೇಳಿದಳು. ಹದಿನೇಳನೆಯ ವಯಸ್ಸಿಗೆ ತಾನು ಬ್ಯಾಂಕು ದರೋಡೆ ಮಾಡುವ ತಂಡದಲ್ಲಿದ್ದೆ ಎಂದು. ಮೂವತ್ತರ ದಶಕ, ದೇಶದಲ್ಲಿ ಯಾರಿಗೂ ಕೆಲಸವಿರಲಿಲ್ಲ. ಅಪ್ಪನ ಹೊಲವನ್ನು ಬ್ಯಾಂಕು ಹರಾಜು ಹಾಕಿತ್ತು. ಬೇರೆ ಊರಿನ ಒಬ್ಬ ಹುಡುಗ ಕಾರು ತಂದು ಬರ್ತೀಯಾ ಎಂದ, ಇವಳು ಹತ್ತಿದಳು. ಅವನ ಜೊತೆ ಇನ್ನಿಬ್ಬರು. ಇವಳು ಕಾರು ಓಡಿಸುವವಳು, ಒಮ್ಮೊಮ್ಮೆ ಬಾಗಿಲಲ್ಲಿ ಕಾವಲು ನಿಲ್ಲುವವಳು. ಕಾನ್ಸಾಸಿನ ಒಂದು ಸಣ್ಣ ಊರಿನಲ್ಲಿ ಬ್ಯಾಂಕಿನ ಗುಮಾಸ್ತ ಗುಂಡು ತಗುಲಿ ಸತ್ತ. ಮೂರು ವಾರಕ್ಕೆ ಪೊಲೀಸರು ಆ ಹುಡುಗನನ್ನು ಪೆಟ್ರೋಲ್ ಬಂಕಿನ ಹಿಂದೆ ಹೊಡೆದು ಕೆಡವಿದರು. ಗುಮಾಸ್ತನನ್ನು ಕೊಂದವನು ಸತ್ತ ಎಂದು ಪತ್ರಿಕೆಗಳು ಬರೆದವು. ಇವಳು ಒಂಬತ್ತು ವರ್ಷ ಜೈಲಿನಲ್ಲಿದ್ದಳು. ಆಮೇಲೆ ಇಲ್ಲಿಗೆ ಬಂದು ಮೂವತ್ತು ವರ್ಷ ಹಣ್ಣು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ದುಡಿದಳು.

ಅತ್ತೆಗೆ ಹೇಳಿದೆ. ಅವರು, “ಹಂಗಾರ ಅವತ್ತ ಗಾಡಿ ಅಷ್ಟು ಜೋರ ಹೊಡದಳಲ್ಲ, ಅದಕ್ಕನ,” ಎಂದರು. ಮರುದಿನ ಸೂಸಲಕ್ಕೆ ಎಂದಿಗಿಂತ ಒಂದು ಹಿಡಿ ಶೇಂಗಾ ಜಾಸ್ತಿ ಬಿದ್ದಿತ್ತು.

ಒಂದು ಸಲ ಮುಂದುವರಿಸಿದ್ದ ಅತ್ತೆಯ ವೀಸಾ ಮುಗಿಯುವುದಕ್ಕೆ ಹತ್ತು ದಿನ ಇತ್ತು. ಧಾರವಾಡದಲ್ಲಿ ಕಿರಿಯ ಮಗ, ಸೊಸೆ ಕಾಯುತ್ತಿದ್ದರು. ಅವತ್ತು ಶನಿವಾರ, ಮುದುಕಿ ಬಾಗಿಲು ತಟ್ಟಿ ನನ್ನನ್ನು ಕರೆದಳು. ಸತ್ತ ಗುಮಾಸ್ತನ ಮಗ ಹಲವು ಸಲ ಕಾಗದ ಬರೆದಿದ್ದಾನೆ, ನಾನು ಉತ್ತರ ಕೊಟ್ಟಿಲ್ಲ, ಈಗ ವಿಮಾನ ಹತ್ತಿ ಬಂದೇಬಿಟ್ಟಿದ್ದಾನೆ, ನನ್ನ ಜೊತೆ ಸುಮ್ಮನೆ ಕೂತುಕೋ ಎಂದಳು. ನಾನು ಹೋಗಿ ಕೂತೆ. ಎಲ್ಲಿ ಕೂತರೂ ನನಗೆ ಒಂದೇ ಆಗಿತ್ತು.

ಬಂದವನಿಗೆ ಐವತ್ತು ದಾಟಿತ್ತು. ದಪ್ಪ ಕುತ್ತಿಗೆ, ಬಿಸಿಲಿನಲ್ಲಿ ದುಡಿದ ಕೈ, ಇಸ್ತ್ರಿ ಮಾಡಿದ ಅಂಗಿ. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ತುಂಬ ಮರ್ಯಾದೆಯಿಂದ ಮಾತಾಡಿದ.

“ಯಾರು ಹೊಡೆದರು ಅಂತ ಕೇಳೋಕೆ ಬಂದಿಲ್ಲಮ್ಮ. ಅದು ಗೊತ್ತಿದೆ. ಅವನೂ ಸತ್ತ, ಅಲ್ಲಿಗೆ ಮುಗೀತು. ಆಗ ನನಗೆ ಮೂರು ವರ್ಷ, ಅಪ್ಪನ ದನಿ ಹೇಗಿತ್ತು ಅಂತಲೂ ನೆನಪಿಲ್ಲ. ಅಲ್ಲಿದ್ದವರಲ್ಲಿ ಈಗ ಬದುಕಿರೋದು ನೀವೊಬ್ಬರೇ. ಅಪ್ಪ ಕೊನೆಗೆ ಏನಾದರೂ ಅಂದರಾ?”

ಮುದುಕಿ ಟೇಬಲ್ಲಿನ ಮೇಲಿನ ಬಟ್ಟೆಯನ್ನು ಸರಿಮಾಡಿದಳು.

“ಸ್ವಲ್ಪ ತಡಿ ಮಗೂ ಅಂದರು,” ಎಂದಳು. “ಎರಡೂ ಕೈ ಎತ್ತಿಕೊಂಡು ನನ್ನ ಕಡೆ ಬಂದರು. ನನಗೆ ಹೆದರಿಕೆಯಾಯಿತು. ಹೊಡೆದೆ.”

ಅವನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಅವಳು ಇನ್ನೊಮ್ಮೆ ಹೇಳಿದಳು.

“ಅವನಲ್ಲ. ನಾನು. ಅವನ ಕೈಯಲ್ಲಿ ಹಣದ ಚೀಲ ಇತ್ತು. ಆಮೇಲೆ ಅವನು ಸತ್ತ, ಪತ್ರಿಕೆಯವರು ಅವನ ಹೆಸರು ಬರೆದರು. ಜೈಲಿನಲ್ಲಿ ಅದನ್ನು ಓದಿದೆ. ಯಾರೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ. ಸತ್ತವನು ಎದ್ದು ಬಂದು ಅಲ್ಲ ಅನ್ನುತ್ತಾನಾ? ಅವನಿಗೆ ಅದರಿಂದ ಏನೂ ಆಗುವುದಿಲ್ಲ ಅಂದುಕೊಂಡೆ.”

ಅವನು ಕೂಗಾಡುತ್ತಾನೆ, ಎದ್ದು ಹೊಡೆಯುತ್ತಾನೆ ಎಂದುಕೊಂಡೆ. ಅವನು ಟೋಪಿಯನ್ನು ತಿರುಗಿಸುತ್ತ ಕೂತಿದ್ದ. ತನಗೇ ಹೇಳಿಕೊಳ್ಳುವವನಂತೆ ಮಾತಾಡಿದ.

“ಆ ಹುಡುಗನ ತಾಯಿ ನಮ್ಮ ಊರಿನವಳೇ. ಇನ್ನೂ ಇಪ್ಪತ್ತು ವರ್ಷ ಬದುಕಿದ್ದಳು. ಅಂಗಡಿಯಲ್ಲಿ ಯಾರೂ ಅವಳನ್ನು ಮಾತಾಡಿಸುತ್ತಿರಲಿಲ್ಲ. ಚರ್ಚಿನಲ್ಲಿ ಅವಳು ಕೂತ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲ. ನಾವು ಹುಡುಗರು ಶಾಲೆಯಿಂದ ಬರುವಾಗ ಅವಳ ಕಿಟಕಿಗೆ ಕಲ್ಲು ಹೊಡೆಯುತ್ತಿದ್ದೆವು. ನಾನೇ ಮೊದಲು ಹೊಡೆಯುತ್ತಿದ್ದೆ, ಅಪ್ಪನನ್ನು ಕಳಕೊಂಡವನು ಅಂತ ನನಗೆ ಮೊದಲ ಸರದಿ ಕೊಡುತ್ತಿದ್ದರು. ಅವಳು ಒಂದು ದಿನವೂ ಬಾಗಿಲು ತೆಗೆದು ಬೈಯಲಿಲ್ಲ.”

ಮುದುಕಿಗೆ ಇದು ಗೊತ್ತಿರಲಿಲ್ಲ. ಹುಡುಗನ ತಾಯಿಯನ್ನು ಅವಳು ಒಂದು ಸಲವೂ ನೆನೆದಿರಲಿಲ್ಲವೇನೋ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಅವನು ನೀರು ಕೇಳಿದ. ನಾನು ತಂದುಕೊಟ್ಟೆ. ಅರ್ಧ ಕುಡಿದು ಲೋಟ ಕೆಳಗಿಟ್ಟು, ಈ ನಿಜ ಇಟ್ಟುಕೊಂಡು ನಾನೀಗ ಏನು ಮಾಡಲಿ ಎಂದ. ಟೋಪಿ ಹಾಕಿಕೊಂಡು ಹೊರಟುಹೋದ.

ನನ್ನ ಮನಸ್ಸು ಆ ಖಾಲಿ ಬೆಂಚಿನ ಹತ್ತಿರವೇ ನಿಂತುಬಿಟ್ಟಿತ್ತು. ಅದು ಯಾವುದೋ ಊರಿನ ಯಾವುದೋ ಚರ್ಚಿನ ಬೆಂಚು. ನನ್ನ ಕಣ್ಣಿಗೆ ಮಾತ್ರ ಯುಗಾದಿಯ ಊಟದ ಎರಡು ಕುರ್ಚಿ ಕಾಣುತ್ತಿದ್ದವು. ಗೋಡೆಯ ಆಚೆ ಅತ್ತೆ ಏನೋ ಕುಟ್ಟುತ್ತಿದ್ದ ಸದ್ದು ಕೇಳಿಸುತ್ತಿತ್ತು. ಏಳು ತಿಂಗಳಲ್ಲಿ ಮೊದಲ ಸಲ ನನಗೆ ಏನೋ ಅನ್ನಿಸಿತು, ಮತ್ತು ಅದು ದುಃಖವಲ್ಲ, ಹೇಸಿಗೆ. ನನ್ನ ಮೇಲೇ.

ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ಮನೆಗೆ ಹೋಗಿ ಬಾಯಿ ತೆರೆದೆ, ಅತ್ತೆ ಪುಡಿಯ ಡಬ್ಬಿಗೆ ಮುಚ್ಚಳ ಹುಡುಕಿಕೊಡು ಎಂದರು, ಹುಡುಕಿಕೊಟ್ಟೆ. ಹೀಗೆ ಎಂಟು ದಿನ ಹೋಯಿತು. ಒಂದು ಸಲ ಬಿಟ್ಟುಬಿಟ್ಟ ಮಾತನ್ನು ಆಮೇಲೆ ಎತ್ತಿಕೊಳ್ಳುವುದು ಎಷ್ಟು ಕಷ್ಟ ಎಂದು ನನಗೆ ತಿಳಿದದ್ದು ಆ ಎಂಟು ದಿನಗಳಲ್ಲಿ.

ಹೊರಡುವ ಹಿಂದಿನ ದಿನ, ಭಾನುವಾರ, ಕ್ಯಾಂಪ್‌ಬೆಲ್‌ನ ಡಾಕ್ಟರರ ಮನೆಯಲ್ಲಿ ಅತ್ತೆಗೆ ಊಟ. ಊರಿಗೆ ಹೋಗುವವರನ್ನು ಕರೆದು ಊಟ ಹಾಕಿ ಕಳಿಸದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಕರೆದದ್ದು. ಪಕ್ಕದ ಮನೆಯ ಮುದುಕಿ ತನ್ನ ಕಾರಿನಲ್ಲಿ ಕರೆದುಕೊಂಡು ಹೋಗಿ ಬಿಟ್ಟು, ಎರಡು ಗಂಟೆಗೆ ಬರುತ್ತೇನೆ ಎಂದು ಹೋದಳು. ಹತ್ತು ಹನ್ನೆರಡು ಹೆಂಗಸರಿದ್ದರು. ಬಿಸಿಬೇಳೆ ಭಾತು, ಚಿಪ್ಸು, ಕ್ಯಾರೆಟ್ ಹಲ್ವಾ. ಎಲ್ಲರೂ ಅತ್ತೆ ಕೂತ ಕಡೆ ಬಾರದೆ ಸುತ್ತಿ ಬಳಸಿ ಓಡಾಡುತ್ತಿದ್ದರು. ಅವರ ಪಕ್ಕದಲ್ಲಿ ನಾನು ಕೂತಿದ್ದೆ, ಆ ಕಡೆಯ ಕುರ್ಚಿ ಖಾಲಿಯೇ ಇತ್ತು.

ಊಟವಾದ ಮೇಲೆ ಡಾಕ್ಟರರ ಹೆಂಡತಿ ಹಲ್ವಾದ ಬಟ್ಟಲು ಹಿಡಿದು ನನ್ನ ಹತ್ತಿರ ಬಂದರು. ಅತ್ತೆಗೆ ಕೇಳಿಸಲಿ ಎಂದೇ ಹೇಳಿದರೋ, ಕೇಳಿಸದು ಎಂದು ಹೇಳಿದರೋ ತಿಳಿಯದು.

“ನೀವಿನ್ನು ಫ್ರೀಯಾಗಿ ಇರಬಹುದು ಬಿಡಿ. ನಿಮ್ದೇನೂ ತಪ್ಪಿಲ್ಲ. ಪಾಪ, ಆ ಕಾಲದೋರ ಮುಂದೆ ಯಾರು ತಾನೇ ಬಾಯಿ ಬಿಡೋಕಾಗುತ್ತೆ?”

“ಅತ್ತೆ ಹೇಳು ಅಂದಿದ್ದರು,” ಎಂದೆ.

ಅವರು ಬಟ್ಟಲು ಹಿಡಿದುಕೊಂಡೇ ನಿಂತರು. ನಾನು ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳಿದೆ. ಎಲ್ಲರಿಗೂ ಕೇಳಿಸಿತು.

“ಎರಡು ಸಲ ಹೇಳು ಅಂದರು. ಶಾಸ್ತ್ರ ನೋಡಬೇಡ ಅಂದರು. ನಾನೇ ಹೇಳಲಿಲ್ಲ. ನನಗೆ ಹೆದರಿಕೆಯಾಯಿತು. ಆಮೇಲೆ ನಿಮ್ಮ ಹತ್ತಿರ ತಪ್ಪು ಅವರ ಮೇಲೆ ಬರುವ ಹಾಗೆ ಮಾತಾಡಿದೆ. ಇವರು ಏಳು ತಿಂಗಳು ಕೇಳಿಸಿಕೊಂಡರು.”

ಒಬ್ಬಳ ಕೈಯಿಂದ ಚಮಚ ಬಿತ್ತು. ಯಾರದೋ ಮಗು ಇಂಗ್ಲಿಷಿನಲ್ಲಿ ಏನಾಯಿತು ಎಂದು ಕೇಳಿ ಬೈಸಿಕೊಂಡಿತು. ಡಾಕ್ಟರರ ಹೆಂಡತಿ ಬಟ್ಟಲನ್ನು ಟೇಬಲ್ಲಿನ ಮೇಲಿಟ್ಟು, ಕಾಫಿ ಮಾಡ್ತೀನಿ ಎಂದು ಒಳಗೆ ಹೋದರು. ಕಾಫಿ ಬಂತು, ಎಲ್ಲರೂ ಕುಡಿದರು. ಇಬ್ಬರು ಬಂದು ಅತ್ತೆಗೆ ನಮಸ್ಕಾರ ಮಾಡಿದರು. ನನ್ನ ಹತ್ತಿರ ಯಾರೂ ಬರಲಿಲ್ಲ. ಎರಡು ಗಂಟೆಗೆ ಹೊರಗೆ ಹಾರ್ನ್ ಕೇಳಿಸಿತು.

ಕಾರಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತರು. ಫ್ರೀವೇ ಹತ್ತಿ, ನೆವಾರ್ಕ್ ಹತ್ತಿರ ಉಪ್ಪಿನ ಗದ್ದೆಗಳ ಬಿಳಿ ರಾಶಿಗಳು ಕಾಣುವವರೆಗೂ ಅತ್ತೆ ಒಂದು ಮಾತು ಆಡಲಿಲ್ಲ. ಅವರು ಹಗುರಾಗಿದ್ದಾರೆ, ಅದಕ್ಕೇ ಸುಮ್ಮನಿದ್ದಾರೆ ಎಂದುಕೊಂಡೆ. ನಾನೂ ಹಗುರಾಗಿದ್ದೆ, ಸುಳ್ಳೇಕೆ ಹೇಳಲಿ. ಏನೋ ಒಂದು ದೊಡ್ಡ ಕೆಲಸ ಮಾಡಿದವಳಂತೆ ಕೂತಿದ್ದೆ.

“ಯಾಕ ಹೇಳಿದಿ?” ಎಂದರು ಅತ್ತೆ.

ದನಿಯಲ್ಲಿ ಸಿಟ್ಟಿತ್ತು. ಅವರು ನನ್ನ ಮೇಲೆ ಸಿಟ್ಟಾದದ್ದು ಅದೇ ಮೊದಲು.

“ಖರೇ ಹೇಳಿದೆ, ಅತ್ತೀ.”

“ಖರೇ ನನಗ ಗೊತ್ತಿರಲಿಲ್ಲೇನು? ನಾ ಬಾಜೂಕ ನಿಂತಿದ್ದೆ.” ಸೆರಗಿನಿಂದ ಕಣ್ಣು ಒರೆಸಿಕೊಂಡರು. “ನಾ ಹೆಂಗೂ ಹೊಂಟಾಕಿ. ಆ ಮಾತು ನಾಳೆ ನನ್ನ ಸಂಗಾಟ ವಿಮಾನ ಹತ್ತಿ ಹೋಗಿಬಿಡ್ತಿತ್ತು. ನೀ ಇಲ್ಲೇ ಇರಾಕಿ, ಈ ಮಂದ್ಯಾಗ, ಒಬ್ಬಾಕಿನ. ಇನ್ನ ಮ್ಯಾಲೆ ನಿನ್ನ ಬಾಜೂಕ ಯಾರು ಕೂಡತಾರ?”